ಯೂರಿಕ್ ಆಸಿಡ್ 8.6, ಒಸಡಿನಲ್ಲಿ ರಕ್ತ. ಎರಡೂ ಒಂದೇ ರೋಗನಾ?

ಗಂಜ್ ಗುಮಾಸ್ತ, ಕಲಬುರಗಿ
ಜನವರಿ 19, ರಾತ್ರಿ 10:40

ಎಲ್ಲರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನಗೆ 47 ವರ್ಷ. ಇಲ್ಲೇ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಸೀಸನ್ ಬಂದರೆ ಗಂಜಿಗೆ, ಅಂದರೆ ಕಾಳಿನ ಮಾರ್ಕೆಟ್ಟಿಗೆ, ಹೋಗಿ ಮಾಲು ನೋಡುವುದೂ ನಾನೇ. ಚೀಲದಿಂದ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ, ಒಂದು ಕಾಳು ಮುಂದಿನ ಹಲ್ಲಿಗಿಟ್ಟು ಕಡಿಯುವುದು. ಕಟ್ ಅಂತ ಒಡೆದರೆ ಒಣ ಮಾಲು. ಹಲ್ಲಿಗೆ ಮೆತ್ತಗೆ ಸಿಕ್ಕರೆ ಒಳಗೆ ತೇವ ಇದೆ, ರೇಟು ಇಳಿಸಬೇಕು. ತೇವ ಅಳೆಯುವ ಮಷಿನ್ ಮಿಲ್‌ನಲ್ಲಿ ಇದೆ. ಆದರೆ 22 ವರ್ಷದಿಂದ ನಾನು ನಂಬಿದ್ದು ನನ್ನ ಹಲ್ಲನ್ನೇ.

ಡಿಸೆಂಬರ್ ಮೊದಲ ವಾರ ಒಬ್ಬ ರೈತರ ಮಾಲು ನೋಡುತ್ತಿದ್ದೆ. ಕಾಳು ಕಡಿದೆ. ಕಟ್ ಅನ್ನಲಿಲ್ಲ. "ಹಸಿ ಅದ ರಿ ಇದು" ಅಂದೆ. ಆ ಮನುಷ್ಯ ಏನೂ ಮಾತಾಡಲಿಲ್ಲ. ಅದೇ ಹಿಡಿಯಿಂದ ಒಂದು ಕಾಳು ತಗೊಂಡು ತಾನು ಕಡಿದ. ಕಟ್! ಪಕ್ಕದ ಅಡತಿ ಅಂಗಡಿಯವರಿಗೂ ಕೇಳಿಸಿತು. ಕಾಳು ಒಣಗಿಯೇ ಇತ್ತು, ಮಿಸುಕಾಡಿದ್ದು ನನ್ನ ಹಲ್ಲು. ಅಂಗೈಗೆ ಉಗುಳಿ ನೋಡಿದರೆ ಒಡೆದ ಕಾಳಿನ ಹಳದಿ ಮೇಲೆ ಒಂದು ಕೆಂಪು ಗೆರೆ. ರೈತರೂ ನೋಡಿದರು. ರೇಟಿನ ಮಾತು ಅಲ್ಲಿಗೇ ಮುಗೀತು, ಅವರು ಕೇಳಿದ್ದೇ ಕೊಟ್ಟೆ.

ಬ್ರಷ್ ಮಾಡುವಾಗ ರಕ್ತ ಬರುವುದು ಒಂದು ವರ್ಷದಿಂದ ಇತ್ತು. ಮುಂದಿನ ಹಲ್ಲುಗಳ ನಡುವೆ ಒಸಡು ಉಬ್ಬಿ ಸಣ್ಣ ಸಣ್ಣ ಗುಳ್ಳೆ ಥರ ಕಾಣುತ್ತೆ. ಮೂರು ವರ್ಷದ ಹಿಂದೆ ಬೀಡಿ ಬಿಟ್ಟೆ. ಗೆಳೆಯರೆಲ್ಲ "ಬೀಡಿ ಬಿಟ್ಟಿದ್ದಕ್ಕೇ ಹಿಂಗಾಗ್ಯಾದ" ಅಂತಾರೆ.

ಈಗ ಕಾಲಿನ ಕಥೆ. ಕಾಳು ಕಡಿದ ಹತ್ತು ದಿನಕ್ಕೆ ಅಫಜಲಪುರ ಕಡೆ ಗೆಳೆಯರ ಮನೆಯ ಕಂದೂರಿಯ ಮಾಂಸದೂಟಕ್ಕೆ ಹೋಗಿದ್ದೆ. ಎರಡು ಸಲ ಬಡಿಸಿಕೊಂಡೆ, ಕಲೇಜಿನೂ ಬಿಡಲಿಲ್ಲ. ಆವತ್ತು ರಾತ್ರಿ ಎರಡೂವರೆಗೆ ಎಚ್ಚರ ಆಯ್ತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಕೆಂಡ ಇಟ್ಟ ಹಾಗೆ. ಕೌದಿಯ ಅಂಚು ತಾಗಿದರೂ ಜೀವ ಹೋಗುತ್ತಿತ್ತು. ಚೇಳು ಕಡಿದಿರಬೇಕು ಅಂತ ನನ್ನ ಹೆಂಡತಿ ಮೊಬೈಲ್ ಟಾರ್ಚ್ ಹಿಡಿದು ಮಂಚದ ಕೆಳಗೆಲ್ಲ ಹುಡುಕಿದಳು. ಬೆಳಗ್ಗೆ ನೋಡಿದರೆ ಬೆರಳು ಕೆಂಪಗೆ ಬದನೆಕಾಯಿ ಥರ ಬಾತಿತ್ತು.

ಡಾಕ್ಟರು ಗೌಟ್ ಅಂದರು, ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ಬಾವು. ಐದು ದಿನ ಗುಳಿಗೆ ಕೊಟ್ಟರು, ನೋವು ಇಳಿಯಿತು. ಮೂರನೇ ದಿನ ಮಾಡಿಸಿದ ಟೆಸ್ಟಿನಲ್ಲಿ ಯೂರಿಕ್ ಆಸಿಡ್ 7.9. ಮೂರು ವಾರ ಪಥ್ಯ ಮಾಡಿ ಮತ್ತೆ ಮಾಡಿಸಿದರೆ 8.6! ಪಥ್ಯ ಮಾಡಿದ ಮೇಲೆ ಜಾಸ್ತಿ ಆಗುವುದು ಹೇಗೆ?

ಪಥ್ಯ ಅಂದರೆ ಮಾಂಸ ಬಂದ್, ಬೇಳೆ ಬಂದ್, ಪಾಲಕ್ ಬಂದ್, ಟೊಮೆಟೊ ಬಂದ್. ದಾಲ್ ಮಿಲ್‌ನವನಿಗೆ ಬೇಳೆ ಬಿಡು ಅಂದರೆ ಹೇಗಾಗಬೇಡ? ದಿನಾ ನೂರಾರು ಚೀಲ ಲೆಕ್ಕ ಬರೆದು ಮನೆಗೆ ಬಂದು ಒಣ ರೊಟ್ಟಿಗೆ ಮೊಸರು, ಶೇಂಗಾ ಹಿಂಡಿ. ಆ ಖಡಕ್ ರೊಟ್ಟಿ ಮುರಿದು ಬಾಯಿಗಿಟ್ಟರೆ ಮತ್ತೆ ಒಸಡು ಚುಚ್ಚುತ್ತೆ.

ಹೋದ ವಾರ ಹಲ್ಲಿನವರ ಹತ್ತಿರವೂ ಹೋದೆ. ಒಸಡು ಹಲ್ಲು ಬಿಟ್ಟು ಸರಿದಿದೆ, ಎಲುಬು ಸವೆದಿದೆ, ಆಳವಾಗಿ ಕ್ಲೀನ್ ಮಾಡಬೇಕು ಅಂದರು. ಅಲ್ಲಿದ್ದ ಹುಡುಗಿಯೊಬ್ಬಳು ನನ್ನ ರಿಪೋರ್ಟ್ ನೋಡಿ "ಯೂರಿಕ್ ಆಸಿಡ್ ಜಾಸ್ತಿ ಇದ್ರೆ ಒಸಡೂ ಹಿಂಗೇ ಆಗುತ್ತೆ" ಅಂದಳು. ಡಾಕ್ಟರು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ನನಗೆ ಗೊತ್ತಾಗಬೇಕಾದದ್ದು ಇಷ್ಟೇ. ಯೂರಿಕ್ ಆಸಿಡ್ ಇಳಿಸಿದರೆ ಒಸಡು ತಾನಾಗೇ ಸರಿ ಹೋಗುತ್ತಾ? ಹಾಗಿದ್ದರೆ ಕ್ಲೀನಿಂಗ್ ದುಡ್ಡು ಉಳಿಯುತ್ತೆ. ಇಲ್ಲಾ, ಒಸಡು ಸರಿ ಮಾಡಿದರೆ ಯೂರಿಕ್ ಆಸಿಡ್ ಇಳಿಯುತ್ತಾ? ನಾಲ್ಕು ವರ್ಷದಿಂದ ಬಿಪಿ ಇದೆ, ಗುಳಿಗೆ ತಪ್ಪಿಸಲ್ಲ. ಶುಗರ್ ಖಾಲಿ ಹೊಟ್ಟೆಯಲ್ಲಿ 108. ಕುಡಿಯುವ ಚಟ ಇಲ್ಲ. ಮಧ್ಯಾಹ್ನ ಮಿಲ್‌ನಲ್ಲಿ ಒಂದು ಬಾಟ್ಲಿ ಕೋಲ್ಡ್ ಡ್ರಿಂಕ್ಸ್ ಮಾತ್ರ ರೂಢಿ.


ಕೋಟೆ ಬಾಜುವವ, ಬೀದರ್
ಜನವರಿ 20, ಬೆಳಗ್ಗೆ 7:05

ಅಣ್ಣಾ, ನನಗೆ 9.2 ಇತ್ತು. ಬೇಳೆ ಬಿಡಿ, ದಿನಾ ಬೆಳಗ್ಗೆ ಲಿಂಬೆ ನೀರು ಕುಡೀರಿ. ಒಸಡಿಗೆ ಲವಂಗದ ಎಣ್ಣೆ. ಕ್ಲೀನಿಂಗ್ ಮಾತ್ರ ಮಾಡಿಸಬೇಡಿ. ನಮ್ಮ ಕಾಕಾ ಮಾಡಿಸಿದರು, ಗಟ್ಟಿ ಇದ್ದ ಹಲ್ಲು ಸಡಿಲಾಗಿ ಆರು ತಿಂಗಳಲ್ಲಿ ಎರಡು ಬಿದ್ದೇ ಹೋದವು. ಆಮೇಲೆ ನಾವು ಯಾರೂ ಆ ಕಡೆ ಹೋಗಿಲ್ಲ.


ಹಲ್ಲಿನ ಡಾಕ್ಟರಮ್ಮ, ಯಾದಗಿರಿ
ಜನವರಿ 20, ಮಧ್ಯಾಹ್ನ 2:30

ಗುಮಾಸ್ತರೇ, ನಿಮ್ಮ ಬಾಯಿ ನೋಡದೆ ರೋಗ ಹೇಳುವುದಿಲ್ಲ. ನೀವು ಕೇಳಿದ್ದಕ್ಕೆ ಗೊತ್ತಿರುವಷ್ಟು ಹೇಳುತ್ತೇನೆ.

ಸಂಬಂಧ ಇದೆಯಾ ಅಂದರೆ, ಇರುವ ಹಾಗೆ ಕಾಣುತ್ತೆ. ಒಂದು ಇನ್ನೊಂದನ್ನು ತಂದಿತು ಅನ್ನುವ ಸಾಕ್ಷಿ ಮಾತ್ರ ಇಲ್ಲ. ಒಸಡಿನ ರೋಗ ಇದ್ದವರ ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿ ಇದ್ದದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ, ಕೆಲವದರಲ್ಲಿ ಕಂಡಿಲ್ಲ. ಮಜಾ ಏನೆಂದರೆ, ನಮ್ಮ ಉಗುಳಿನಲ್ಲೂ ಯೂರಿಕ್ ಆಸಿಡ್ ಇದೆ. ಅಲ್ಲಿ ಅದು ಕಾವಲುಗಾರ. ಉರಿಯೂತದಲ್ಲಿ ಹುಟ್ಟುವ ಹಾನಿಕಾರಕ ಆಮ್ಲಜನಕದ ಕಣಗಳನ್ನು ತಡೆಯುವ ಕೆಲಸದಲ್ಲಿ ಉಗುಳಿನೊಳಗೆ ಅದರದ್ದೇ ದೊಡ್ಡ ಪಾಲು. ಒಸಡು ಹದಗೆಟ್ಟವರ ಉಗುಳಿನಲ್ಲಿ ಅದು ಕಡಿಮೆ ಆಗಿರುವುದು ಹಲವು ಸಲ ಕಂಡಿದೆ. ರಕ್ತದಲ್ಲಿ ಏರಬಹುದು, ಬಾಯಲ್ಲಿ ಇಳಿಯಬಹುದು. ಹಾಗಾಗಿ "ಯೂರಿಕ್ ಆಸಿಡ್ ಅಂದರೆ ವಿಷ" ಅನ್ನುವ ಸರಳ ಲೆಕ್ಕ ಬಾಯಿಯ ಮಟ್ಟಿಗೆ ನಡೆಯಲ್ಲ.

ಇದು ಹೊಸ ವಾದವೂ ಅಲ್ಲ. ಸುಮಾರು 130 ವರ್ಷದ ಹಿಂದೆ ಅಮೆರಿಕದ ಕೆಲವು ದಂತವೈದ್ಯರು ಪಯೋರಿಯಾ (ಈ ಒಸಡಿನ ರೋಗದ ಹಳೆಯ ಹೆಸರು) ಅಂದರೆ ಹಲ್ಲಿನ ಬುಡದ ಗೌಟ್ ಅಂತಲೇ ನಂಬಿದ್ದರು. ಆ ವಾದ ನಿಲ್ಲಲಿಲ್ಲ. ಅದಕ್ಕೂ ಹಿಂದೆ, ಹಾಲೆಂಡಿನಲ್ಲಿ ಬಟ್ಟೆ ವ್ಯಾಪಾರಿ ಆಗಿದ್ದ ಲೀವೆನ್‌ಹುಕ್ 1679ರಲ್ಲಿ ಗೌಟ್ ಗಂಟಿನೊಳಗಿನ ಸೂಜಿಯಂಥ ಹರಳುಗಳನ್ನು ತನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ. 1683ರಲ್ಲಿ ಅದೇ ಮನುಷ್ಯ ಹಲ್ಲಿನ ಸಂದಿಯ ಬಿಳಿ ಕೊಳೆ ಕೆರೆದು, ಅದರೊಳಗೆ ಓಡಾಡುವ ಜೀವಿಗಳನ್ನು ನೋಡಿ ಪತ್ರ ಬರೆದ. ನಿಮ್ಮ ಎರಡೂ ತೊಂದರೆಯನ್ನು ಒಬ್ಬನೇ ಕಂಡಿದ್ದ. ಆದರೆ ಕಂಡದ್ದು ಎರಡು ಬೇರೆ ವಸ್ತು. ಕಾಲಲ್ಲಿ ಹರಳು, ಹಲ್ಲಲ್ಲಿ ಬ್ಯಾಕ್ಟೀರಿಯಾ.

ಅದಕ್ಕೇ ಯೂರಿಕ್ ಆಸಿಡ್ ಇಳಿಸಿದರೆ ಹಲ್ಲಿನ ಮೇಲಿನ ಗಟ್ಟಿ ಕೊಳೆ ಕರಗಲ್ಲ. ಅದನ್ನು ತೆಗೆಯಲೇಬೇಕು. ಹಲ್ಲು ಕ್ಲೀನ್ ಮಾಡಿಸಿದರೆ ಯೂರಿಕ್ ಆಸಿಡ್ ಇಳಿಯುತ್ತೆ ಅಂತ ಭರವಸೆಯನ್ನೂ ನಾನು ಕೊಡಲ್ಲ. ಒಸಡಿಗೂ ಸಕ್ಕರೆ ಕಾಯಿಲೆಗೂ ಇರುವ ನಂಟು ಮಾತ್ರ ಗಟ್ಟಿ, ಎರಡೂ ಕಡೆಯಿಂದ ಗಟ್ಟಿ. ನಿಮ್ಮ 108 ನೋಡಿದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಟೆಸ್ಟ್ ಮಾಡಿಸುವುದು ಒಳ್ಳೆಯದು.

ಬೀಡಿ ಬಿಟ್ಟದ್ದಕ್ಕೆ ಒಸಡು ಕೆಡಲಿಲ್ಲ. ಹೊಗೆ ಒಸಡಿನ ರಕ್ತನಾಳ ಬಿಗಿ ಮಾಡಿ ರಕ್ತ ಬರುವುದನ್ನು ಮುಚ್ಚಿಟ್ಟಿರುತ್ತೆ. ಬಿಟ್ಟ ಮೇಲೆ ಒಳಗಿದ್ದದ್ದು ಹೊರಗೆ ಕಾಣುತ್ತೆ ಅಷ್ಟೇ.

ಬೀದರ್ ಅಣ್ಣನವರೇ, ನಿಮ್ಮ ಕಾಕಾ ಅವರ ಹಲ್ಲು ಹಿಡಿದುಕೊಂಡಿದ್ದದ್ದು ಆ ಗಟ್ಟಿ ಕೊಳೆ ಅನಿಸುತ್ತೆ. ಎಲುಬು ಮೊದಲೇ ಹೋಗಿರುತ್ತೆ. ಬೀಳುವ ಗೋಡೆಗೆ ಮುಳ್ಳುಕಂಟಿ ಆನಿಸಿದ ಹಾಗೆ, ಕಂಟಿ ತೆಗೆದವರ ಮೇಲೆ ಅಪವಾದ. ಇದನ್ನು ವಾರಕ್ಕೆ ಹತ್ತು ಸಲ ಕೇಳುತ್ತೇನೆ.

ಗುಮಾಸ್ತರೇ, ಒಂದು ಮಾತು. ಮುಂದಿನ ಹಲ್ಲಿನ ನಡುವೆ ಗುಳ್ಳೆ ಥರ ಉಬ್ಬಿದೆ ಅಂದಿರಿ. ಬಿಪಿ ಗುಳಿಗೆ ಯಾವುದು? ಹೆಸರಲ್ಲ, ಚೀಟಿ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ ಹೇಳಿ.


ಗಂಜ್ ಗುಮಾಸ್ತ
ಜನವರಿ 20, ರಾತ್ರಿ 9:50

ಮೇಡಂ, ಚಾಳೀಸು ಹಾಕಿದರೂ ಕಾಣಲಿಲ್ಲ, ಮಗಳ ಕೈಲಿ ಓದಿಸಿದೆ. ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5, ಹೈಡ್ರೋಕ್ಲೋರೋಥಯಾಜೈಡ್ 12.5. ಮೂರೂ ಒಂದೇ ಗುಳಿಗೆಯಲ್ಲಿ. ಮೊದಲು ಬರೀ ಟೆಲ್ಮಿಸಾರ್ಟನ್ ಇತ್ತು. ಬಿಪಿ ಇಳಿಯಲಿಲ್ಲ ಅಂತ ಈ ಮೂರರದ್ದು ಕೊಟ್ಟು ಹದಿನಾಲ್ಕು ತಿಂಗಳಾಯ್ತು. ಕಾಲಿನ ಡಾಕ್ಟರು, ಹಲ್ಲಿನ ಡಾಕ್ಟರು ಇಬ್ಬರೂ "ಬೇರೆ ಗುಳಿಗೆ ಏನಾದರೂ?" ಅಂತ ಕೇಳಿದಾಗ "ಬಿಪಿದು ಒಂದು" ಅಂತಷ್ಟೇ ಹೇಳಿದ್ದೆ. ನನ್ನದೇ ತಪ್ಪು ಅನ್ನಿ.


ಮೆಡಿಕಲ್ ಅಂಗಡಿ, ಶಹಾಪುರ
ಜನವರಿ 20, ರಾತ್ರಿ 10:15

ಸಿಕ್ಕಿತಲ್ರಿ! ಮೂರರಲ್ಲಿ ಎರಡು ನಿಮ್ಮ ಕಥೆಗೆ ಹೊಂದುತ್ತವೆ.

ಕೊನೆಯದು, ಆ ಉದ್ದ ಹೆಸರಿನದು, ಮೂತ್ರ ಜಾಸ್ತಿ ಮಾಡಿ ಬಿಪಿ ಇಳಿಸುವ ಔಷಧಿ. ಉಪ್ಪು, ನೀರು ಹೊರಗೆ ಹಾಕುತ್ತೆ. ಆದರೆ ಯೂರಿಕ್ ಆಸಿಡ್ ಹೊರಗೆ ಹೋಗುವುದನ್ನು ಕಡಿಮೆ ಮಾಡುತ್ತೆ. ಯೂರಿಕ್ ಆಸಿಡ್‌ನ ಸುಮಾರು ಮೂರರಲ್ಲಿ ಎರಡು ಪಾಲು ಹೊರಗೆ ಹೋಗುವುದು ಕಿಡ್ನಿ ದಾರಿಯಲ್ಲಿ. ಆ ಬಾಗಿಲು ಅರ್ಧ ಮುಚ್ಚಿದರೆ ನೀವು ಬೇಳೆ ಬಿಟ್ಟೂ ಉಪಯೋಗ ಏನು? 

ಆಮ್ಲೋಡಿಪಿನ್ ಕೆಲವರಿಗೆ ಒಸಡು ಬೆಳೆಸುತ್ತೆ. ಎಲ್ಲರಿಗೂ ಅಲ್ಲ. ನನ್ನ ಅಂಗಡಿಯಲ್ಲಿ ದಿನಾ ಹತ್ತಾರು ಜನ ತಗೊಂಡು ಹೋಗುತ್ತಾರೆ, ಬಹಳಷ್ಟು ಮಂದಿಗೆ ಏನೂ ಆಗಿಲ್ಲ.

7.9 ಹೇಗೆ 8.6 ಆಯ್ತು ಅಂದಿರಲ್ಲ, ಗೌಟ್ ಎದ್ದಿರುವಾಗ ರಕ್ತದ ಅಂಕಿ ಕಡಿಮೆ ತೋರಿಸಬಹುದು. ನೋವು ಪೂರ್ತಿ ಇಳಿದು ಎರಡು ವಾರ ಆದ ಮೇಲೆ ಬರುವುದೇ ನಂಬುವ ಅಂಕಿ. ನಿಮ್ಮ ಪಥ್ಯ ಕೆಟ್ಟಿಲ್ಲ.

ಕೈ ಮುಗಿದು ಹೇಳುತ್ತೇನೆ, ಇದನ್ನು ಓದಿ ನಾಳೆ ಬೆಳಗ್ಗೆ ಗುಳಿಗೆ ನಿಲ್ಲಿಸಬೇಡಿ. ಬಿಪಿ ಏರಿ ಲಕ್ವಾ ಹೊಡೆದರೆ ಹಲ್ಲು, ಕಾಲು ಎರಡೂ ನೆನಪಿಗೆ ಬರಲ್ಲ. ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ.


ಹಲ್ಲಿನ ಡಾಕ್ಟರಮ್ಮ, ಯಾದಗಿರಿ
ಜನವರಿ 21, ಬೆಳಗ್ಗೆ 8:20

ನನ್ನ ಅನುಮಾನವೂ ಇದೇ. ಆದರೆ ಎಲ್ಲವನ್ನೂ ಗುಳಿಗೆ ತಲೆಗೆ ಕಟ್ಟಬೇಡಿ. ಆಮ್ಲೋಡಿಪಿನ್ ಒಸಡು ಉಬ್ಬಿಸಬಹುದು, ಹಲ್ಲಿನ ಕೊಳೆ ಇದ್ದ ಕಡೆ ಜಾಸ್ತಿ ಉಬ್ಬುತ್ತೆ. ಹಲ್ಲು ಅಲ್ಲಾಡುವುದಕ್ಕೆ ಎಲುಬು ಸವೆಯಬೇಕು, ಅದು ವರ್ಷಗಟ್ಟಲೆ ಕೊಳೆ ಮತ್ತು ಬೀಡಿಯ ಕೆಲಸ. ಗುಳಿಗೆ ಬದಲಾಯಿಸಿದರೂ ಕ್ಲೀನಿಂಗ್ ತಪ್ಪಲ್ಲ. ಒಸಡು ಉಬ್ಬಿದ್ದರೆ ಬ್ರಷ್ ಒಳಗೆ ಹೋಗಲ್ಲ, ಕೊಳೆ ಕೂರುತ್ತೆ, ಕೊಳೆ ಕೂತರೆ ಇನ್ನೂ ಉಬ್ಬುತ್ತೆ. ಎಲ್ಲಾದರೂ ಒಂದು ಕಡೆ ಮುರಿಯಬೇಕಲ್ಲ.

ದುಡ್ಡಿನ ಚಿಂತೆ ಇದ್ದರೆ ಕಲಬುರಗಿಯಲ್ಲೇ ಡೆಂಟಲ್ ಕಾಲೇಜಿನ ಓಪಿಡಿಗೆ ಹೋಗಿ, ಖರ್ಚು ಕಡಿಮೆ. ಒಸಡಿನ ವಿಭಾಗ ಬೇರೆ ಇರುತ್ತೆ. ತೆಳ್ಳನೆಯ ಅಳತೆ ಕಡ್ಡಿ ಇಟ್ಟು ಹಲ್ಲಿನ ಸುತ್ತ ಆಳ ಎಣಿಸುತ್ತಾರೆ. 3 ಮಿಲಿಮೀಟರ್‌ವರೆಗೆ ಚಿಂತೆ ಇಲ್ಲ. ಅಂಕಿ ಬರೆದುಕೊಳ್ಳಿ, ನಿಮಗೆ ಅದು ಕಷ್ಟ ಆಗಲ್ಲ.

ಮತ್ತೆ, ಬೇಳೆ ಪಾಪ ಏನು ಮಾಡಿತ್ತು? ಬೇಳೆ, ಪಾಲಕ್‌ನಲ್ಲಿ ಪ್ಯೂರಿನ್, ಅಂದರೆ ಮೈಯಲ್ಲಿ ಯೂರಿಕ್ ಆಸಿಡ್ ಆಗುವ ವಸ್ತು, ಇದೆ ನಿಜ. ಆದರೆ 2004ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಮಾಂಸ ಮತ್ತು ಮೀನು ಜಾಸ್ತಿ ತಿನ್ನುವವರಿಗೆ ಗೌಟ್ ಜಾಸ್ತಿ ಕಂಡಿತು, ಪ್ಯೂರಿನ್ ಇರುವ ತರಕಾರಿ ಕಾಳು ತಿನ್ನುವವರಿಗೆ ಹಾಗೆ ಕಾಣಲಿಲ್ಲ. ಹಾಲು ಮೊಸರಿನವರಿಗೆ ಕಡಿಮೆಯೇ ಇತ್ತು. ನಿಮ್ಮ ಮಧ್ಯಾಹ್ನದ ಬಾಟ್ಲಿ ಇದೆಯಲ್ಲ, ನಾನಾಗಿದ್ದರೆ ಮೊದಲು ಅದನ್ನು ಬಿಡಿಸುತ್ತಿದ್ದೆ. ಅದರ ಸಕ್ಕರೆಯಲ್ಲಿರುವ ಫ್ರಕ್ಟೋಸ್ ಲಿವರ್‌ನಲ್ಲಿ ಕರಗುವಾಗ ಯೂರಿಕ್ ಆಸಿಡ್ ಹುಟ್ಟುತ್ತೆ. ಹಲ್ಲಿಗೂ ಅದು ಶತ್ರು. ಒಂದೇ ಬಾಟ್ಲಿಯಿಂದ ಕಾಲಿಗೂ ಬಾಯಿಗೂ ತೊಂದರೆ ಅಂತ ಧೈರ್ಯವಾಗಿ ಹೇಳಬಹುದಾದದ್ದು ಇದೊಂದೇ ನೋಡಿ.


ಕೋಟೆ ಬಾಜುವವ, ಬೀದರ್
ಜನವರಿ 21, ಬೆಳಗ್ಗೆ 9:00

ಡಾಕ್ಟರಮ್ಮ, ಹಾಗಾದ್ರೆ ನಾನು ಎರಡು ವರ್ಷ ಬೇಳೆ ಬಿಟ್ಟದ್ದು ಸುಮ್ನೇನಾ? ಬಿಯರ್ ಮಾತ್ರ ಬಿಟ್ಟಿರಲಿಲ್ಲ.


ಹಲ್ಲಿನ ಡಾಕ್ಟರಮ್ಮ, ಯಾದಗಿರಿ
ಜನವರಿ 21, ಬೆಳಗ್ಗೆ 9:12

ಉಲ್ಟಾ ಮಾಡಿದ್ದೀರಿ ಅಣ್ಣಾ.


ಸೇಡಂ ಟೀಚರ್
ಜನವರಿ 22, ಸಂಜೆ 6:30

ನಮ್ಮ ಅತ್ತೆಯವರು ನಲವತ್ತು ವರ್ಷದಿಂದ ಮಶೇರಿ (ಹುರಿದ ತಂಬಾಕಿನ ಪುಡಿ) ತಿಕ್ಕುತ್ತಾರೆ. ಒಸಡು ಕಪ್ಪಾಗಿದೆ, ರಕ್ತ ಬರಲ್ಲ, ಹಾಗಾಗಿ ತಮ್ಮ ಬಾಯಿ ಗಟ್ಟಿ ಅಂತಾರೆ. ಮೇಡಂ ಬರೆದದ್ದನ್ನು ಓದಿ ಹೇಳಿದೆ. "ನಿನ್ನ ಫೋನಿಗೇನು ಗೊತ್ತು" ಅಂದರು. ಗುಮಾಸ್ತರೇ, ಏನಾಯ್ತು ಅಂತ ದಯವಿಟ್ಟು ಬಂದು ಹೇಳಿ. ಎಷ್ಟೋ ಜನ ಕೇಳಿ ಮಾಯ ಆಗಿಬಿಡ್ತಾರೆ.


ಗಂಜ್ ಗುಮಾಸ್ತ
ಏಪ್ರಿಲ್ 6, ರಾತ್ರಿ 11:10

ಮಾಯ ಆಗಿರಲಿಲ್ಲ ಟೀಚರ್. ಸೀಸನ್ ಮುಗಿದ ಮೇಲೆ ಮಾರ್ಚ್ ಎಂಡ್ ಲೆಕ್ಕ, ತಲೆ ಎತ್ತೋಕೆ ಆಗಲಿಲ್ಲ.

ಗುಳಿಗೆ ಚೀಟಿ ಹಿಡಿದುಕೊಂಡೇ ಬಿಪಿ ಡಾಕ್ಟರ ಹತ್ತಿರ ಹೋದೆ. ಬೈತಾರೇನೋ ಅಂದುಕೊಂಡಿದ್ದೆ, ಬಾಯಿ ತೆಗೆಸಿ ನೋಡಿದರು, ರಿಪೋರ್ಟ್ ನೋಡಿದರು, "ಗೌಟ್ ಬಂದಾಗಲೇ ಬರಬೇಕಿತ್ತು" ಅಂದರು. ಆ ಮೂರರ ಗುಳಿಗೆ ತೆಗೆದು ಲೊಸಾರ್ಟನ್ ಅನ್ನುವುದನ್ನು ಬರೆದರು. ಅದು ಬಿಪಿ ಜೊತೆ ಯೂರಿಕ್ ಆಸಿಡ್ ಕೂಡ ಸ್ವಲ್ಪ ಹೊರಗೆ ಹಾಕುತ್ತಂತೆ. ದಿನಾ ಎರಡು ಸಲ ಬಿಪಿ ನೋಡಿ ಬರೆದಿಡಿ ಅಂದರು. ಮೊದಲ ವಾರ 150/94 ಬಂತು, ಹೆದರಿದೆ. ಡೋಸ್ ಏರಿಸಿದರು. ಈಗ 132/84 ಆಸುಪಾಸು. ಯೂರಿಕ್ ಆಸಿಡ್ ಇಳಿಸುವ ಗುಳಿಗೆ ಈಗಲೇ ಬೇಡ, ಒಂದೇ ಸಲ ಬಂದಿದೆ, ಮತ್ತೆ ಬಂದರೆ ನೋಡೋಣ ಅಂದರು. ಎಚ್‌ಬಿಎ1ಸಿ 6.2. ಶುಗರ್ ಅಲ್ಲ, ಆದರೆ ಬಾಗಿಲಲ್ಲಿ ನಿಂತಿದೆ.

ಡೆಂಟಲ್ ಕಾಲೇಜಿಗೂ ಹೋದೆ. ಓದುತ್ತಿರುವ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಕಡ್ಡಿ ಇಟ್ಟು "ಮೂರು, ನಾಲ್ಕು, ಆರು, ಮೂರು, ಐದು" ಅಂತ ಕೂಗುವುದು, ಪಕ್ಕದವಳು ಬರೆಯುವುದು. ಥೇಟ್ ನಮ್ಮ ಗಂಜಿನ ಹಾಗೆ, ನಾನೇ ಮಾಲು. ಕೆಳಗಿನ ಮುಂದಿನ ಹಲ್ಲಿನ ಹಿಂದಿನಿಂದ ತೆಗೆದ ಗಟ್ಟಿ ಕೊಳೆ ತೋರಿಸಿದಳು. ಹತ್ತಿ ಮೇಲೆ ತೊಗರಿ ಹೊಟ್ಟಿನ ಚೂರಿನಂತೆ, ಕಂದು ಬಣ್ಣ. ನಾಲಿಗೆ ಇಟ್ಟರೆ ಅಲ್ಲೊಂದು ಖಾಲಿ ಸಂದಿ. ಎರಡು ದಿನ ಗಾಳಿ ತಾಗಿದರೂ ಜುಂ ಅನ್ನುತ್ತಿತ್ತು. ಬೀದರ್ ಅಣ್ಣ ಹೇಳಿದ್ದೇ ಖರೆ ಆಯ್ತೇನೋ ಅಂತ ಹೆದರಿಕೆ ಆಗಿತ್ತು. ವಾರದಲ್ಲಿ ಹೋಯಿತು. ಒಟ್ಟು ನಾಲ್ಕು ಸಲ ಕರೆದರು.

ಎರಡು ತಿಂಗಳಾದ ಮೇಲೆ ಮತ್ತೆ ಅಳೆದರು. ಆರು ಇದ್ದದ್ದು ನಾಲ್ಕು, ಐದು ಇದ್ದದ್ದು ಮೂರು. ಉಬ್ಬು ಸುಮಾರು ಇಳಿದಿದೆ. ಬ್ರಷ್ ಮಾಡಿದರೆ ರಕ್ತ ಇಲ್ಲ. ಆ ಒಂದು ಹಲ್ಲು ಇನ್ನೂ ಸ್ವಲ್ಪ ಅಲ್ಲಾಡುತ್ತೆ. ಹೋದ ಎಲುಬು ತಿರುಗಿ ಬರಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಅಂದರು. ಮೂರು ತಿಂಗಳಿಗೊಮ್ಮೆ ಬರಬೇಕು.

ಯೂರಿಕ್ ಆಸಿಡ್ 6.9.

ಯಾವುದರಿಂದ ಇಳಿಯಿತು ಅಂತ ಕೇಳಬೇಡಿ. ಗುಳಿಗೆ ಬದಲು, ಕೋಲ್ಡ್ ಡ್ರಿಂಕ್ಸ್ ಬಂದ್, ಕಂದೂರಿಯಲ್ಲಿ ಬರೀ ಅನ್ನ ಸಾರು, ನೀರು ಜಾಸ್ತಿ, ಒಸಡು ಕ್ಲೀನ್. ಐದು ಖಾತೆ ಒಟ್ಟಿಗೇ ಬದಲಿಸಿದರೆ ಲಾಭ ಯಾವುದರದ್ದು ಅಂತ ಯಾವ ಗುಮಾಸ್ತನೂ ಹೇಳಲಾರ. ಒಸಡಿನದ್ದೇ ಇರಲಿ ಅಂತ ನನ್ನ ಮನಸ್ಸಿಗೆ ಆಸೆ, ಅತಿ ಜಾಸ್ತಿ ಕಷ್ಟಪಟ್ಟದ್ದು ಅದಕ್ಕೇ. ಡಾಕ್ಟರಮ್ಮ ಒಪ್ಪಲ್ಲ, ಗೊತ್ತು.

ಮನೆಗೆ ಬೇಳೆ ವಾಪಸ್ ಬಂದಿದೆ. ಮೊದಲ ದಿನ ಪುಂಡಿ ಪಲ್ಯ, ಮುದ್ದಿ ಬ್ಯಾಳಿ, ಬಿಸಿ ರೊಟ್ಟಿ. ಖಡಕ್ ರೊಟ್ಟಿ ಇನ್ನೂ ನೆನೆಸಿಯೇ ತಿನ್ನುತ್ತೇನೆ.

ಡಿಸೆಂಬರಿನ ಆ ರೈತರು ಹೋದ ವಾರ ಮನೆಯಲ್ಲಿ ಉಳಿಸಿಕೊಂಡಿದ್ದ ಎಂಟು ಚೀಲ ತಂದಿದ್ದರು. ನಾನು ಒಂದು ಹಿಡಿ ತೆಗೆದು ಮಷಿನ್‌ಗೆ ಹಾಕಿದೆ. "ಯಾಕ್ರಿ ಸಾವ್ಕಾರ, ಹಲ್ಲಿಗೆ ಹಾಕಂಗಿಲ್ಲೇನು?" ಅಂತ ನಕ್ಕರು. ಮಷಿನ್ 10.4 ತೋರಿಸಿತು. ಅವರು ಅದನ್ನು ನಂಬಲಿಲ್ಲ. ತಾವೇ ಒಂದು ಕಾಳು ಬಾಯಿಗೆ ಹಾಕಿಕೊಂಡು ಕಟ್ ಅನ್ನಿಸಿ, ಆಮೇಲೆ ರೇಟು ಮಾತಾಡಿದರು.